ಒಂದೇ ಸೊನ್ನೆ, ಮೂರು ಕಾರಣ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಒಂಬತ್ತನೇ ತರಗತಿಯ ಒಂದೇ ವಿಭಾಗದಲ್ಲಿ 52 ಮಕ್ಕಳಿದ್ದಾರೆ. ಆರೇಳು ಮಕ್ಕಳು ನಾನು ಬೋರ್ಡಿನ ಮೇಲೆ ಬರೆಯುವ ಮೊದಲೇ ಉತ್ತರ ಹೇಳುತ್ತಾರೆ. ಹದಿನೈದು ಮಕ್ಕಳಿಗೆ ಭಾಗಾಕಾರವೇ ಬರುವುದಿಲ್ಲ. ತರಬೇತಿಗೆ ಹೋದರೆ ‘ಪ್ರತಿ ಮಗುವಿನ ವೇಗಕ್ಕೆ ತಕ್ಕಂತೆ ಕಲಿಸಿ’ ಎನ್ನುತ್ತಾರೆ, ಶಾಲೆಗೆ ಬಂದರೆ ‘ಪಾಠ ಎಲ್ಲಿಗೆ ಬಂತು’ ಎಂದು ಹೆಡ್‌ಮಾಸ್ಟರ್ ಕೇಳುತ್ತಾರೆ. ಇದು ನಿಜಕ್ಕೂ ಆಗುವ ಕೆಲಸವೇ?

ಉತ್ತರ: ಐವತ್ತೆರಡು ಮಕ್ಕಳಿಗೆ ಐವತ್ತೆರಡು ಪಾಠ ಅಂದರೆ ಆಗದ ಮಾತು, ಟೀಚರ್. 40 ನಿಮಿಷದ ಪಿರಿಯಡ್ ಹಂಚಿದರೆ ತಲೆಗೆ 46 ಸೆಕೆಂಡು ಬರುತ್ತದೆ. ಹಾಜರಿ ಕೂಗಿದರೆ ಅದೂ ಇಲ್ಲ.

ತರಬೇತಿಯಲ್ಲಿ ಚಿಕ್ಕ ತರಗತಿಗಳ ನಲಿ-ಕಲಿಯ ಉದಾಹರಣೆ ಕೊಟ್ಟಿರಬೇಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಮಗು ಒಂದೊಂದೇ ಕಾರ್ಡು ಮುಗಿಸುತ್ತ ತನ್ನ ವೇಗದಲ್ಲೇ ಕಲಿಕೆಯ ಏಣಿ ಹತ್ತುತ್ತದೆ, ನಿಜ. ಆದರೆ ಅಲ್ಲಿ ಒಬ್ಬರೇ ಟೀಚರ್ ಹೆಚ್ಚೂಕಡಿಮೆ ಇಡೀ ದಿನ ಮಗುವಿನ ಜೊತೆ ಇರುತ್ತಾರೆ. ನಿಮ್ಮಲ್ಲಿ ಬೆಲ್ ಹೊಡೆದ ಕೂಡಲೇ ಮಗು ಇನ್ನೊಬ್ಬರ ಕೈಗೆ ಹೋಗುತ್ತದೆ. ಕನ್ನಡ ಓದಲು ತಡವರಿಸುವ ಹುಡುಗನ ಕಷ್ಟ ಕನ್ನಡದ ಮೇಷ್ಟ್ರಿಗೆ ಗೊತ್ತು, ಅದೇ ಕಾರಣಕ್ಕೆ ಅವನು ಗಣಿತದ ಹೇಳಿಕೆ ಲೆಕ್ಕದಲ್ಲಿ ಸೋಲುತ್ತಿದ್ದಾನೆ ಎಂಬುದು ನಿಮ್ಮ ಕಿವಿಗೆ ಬಿದ್ದಿರುವುದಿಲ್ಲ. (ಒಮ್ಮೆ ಲೆಕ್ಕವನ್ನು ನೀವೇ ಜೋರಾಗಿ ಓದಿ ಹೇಳಿ ನೋಡಿ. ಕೆಲವರು ತಕ್ಷಣ ಮಾಡಿಬಿಡುತ್ತಾರೆ.) ಇನ್ನು ವಯಸ್ಸಿನ ಮಾತು. ಮೀಸೆ ಚಿಗುರುತ್ತಿರುವ ಹುಡುಗನ ಕೈಗೆ ಎಲ್ಲರೆದುರು ಮೂರನೇ ತರಗತಿಯ ಕಾರ್ಡು ಕೊಟ್ಟರೆ ಮರುದಿನ ಅವನು ಶಾಲೆಯ ಕಡೆ ತಲೆಹಾಕಲಿಕ್ಕಿಲ್ಲ.

ನಿಮ್ಮ ಹದಿನೈದು ಮಕ್ಕಳು ಅಪರೂಪದವರೂ ಅಲ್ಲ. ದೇಶದ ಗ್ರಾಮೀಣ ಭಾಗದ 14ರಿಂದ 18ರ ವಯಸ್ಸಿನವರನ್ನು ನೋಡಿದ 2023ರ ‘ಅಸರ್’ ಕಲಿಕಾ ಸಮೀಕ್ಷೆಯಲ್ಲಿ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಿದವರು ಶೇ 43ರಷ್ಟು ಮಾತ್ರ.

ಹಾಗಾದರೆ ಮಾಡುವುದೇನು? ನಾನು ಮಕ್ಕಳನ್ನು ಬಿಟ್ಟು ತಪ್ಪುಗಳನ್ನು ವಿಂಗಡಿಸುತ್ತೇನೆ. ಬಹುಪದೋಕ್ತಿಯ ಪಾಠವನ್ನೇ ತೆಗೆದುಕೊಳ್ಳಿ. x² − 3x − 54 ಅನ್ನು ಅಪವರ್ತಿಸಲು ಮಧ್ಯಪದ ಒಡೆಯುವಾಗ ‘ಗುಣಿಸಿದರೆ −54, ಕೂಡಿದರೆ −3 ಬರುವ ಎರಡು ಸಂಖ್ಯೆ’ ಬೇಕಾಯಿತು ಎನ್ನಿ. ಮೂವರು ಮಕ್ಕಳು ಸೊನ್ನೆ ತೆಗೆದಿದ್ದಾರೆ. ಒಬ್ಬಳಿಗೆ ಒಂಬತ್ತಾರಲ ಐವತ್ನಾಲ್ಕು ಎಂಬುದೇ ಹೊಳೆದಿಲ್ಲ, ಮಗ್ಗಿ ಕೈಕೊಟ್ಟಿದೆ. ಇನ್ನೊಬ್ಬನಿಗೆ 9 ಮತ್ತು 6 ಸಿಕ್ಕಿವೆ, ಆದರೆ −9ಕ್ಕೆ 6 ಕೂಡಿಸಿ −15 ಎಂದು ಬರೆದಿದ್ದಾನೆ. ಮೂರನೆಯವನು −9, 6 ಎಂದು ಸರಿಯಾಗಿಯೇ ಹುಡುಕಿ, ಮುಂದೆ ಸಾಮಾನ್ಯ ಅಪವರ್ತನ ಹೊರತೆಗೆಯಲು ತಿಳಿಯದೆ ನಿಂತಿದ್ದಾನೆ. ಈ ಮೂವರನ್ನೂ ‘ಹಿಂದುಳಿದವರು’ ಎಂದು ಒಂದೇ ಕೋಣೆಯಲ್ಲಿ ಕೂರಿಸಿ, ಸಂಜೆ ವಿಶೇಷ ತರಗತಿಯಲ್ಲಿ ಅದೇ ಲೆಕ್ಕವನ್ನು ಇನ್ನೊಮ್ಮೆ ನಿಧಾನವಾಗಿ ಮಾಡಿ ತೋರಿಸುವುದು ನಮ್ಮ ರೂಢಿ. ಮೂವರಿಗೂ ಅದು ಹತ್ತುವುದಿಲ್ಲ.

ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಅಂಕ ಹಾಕುವ ಮೊದಲು ಸ್ಟಾಫ್ ರೂಮಿನ ಮೇಜಿನ ಮೇಲೆ ಹರಡಿಕೊಳ್ಳಿ. ಒಂದೇ ಲೆಕ್ಕವನ್ನು ನೋಡುತ್ತ, ಯಾವ ಹೆಜ್ಜೆಯಲ್ಲಿ ಮುರಿದಿದೆಯೋ ಅದರ ಪ್ರಕಾರ ಗುಡ್ಡೆ ಹಾಕಿ. ಸಾಮಾನ್ಯವಾಗಿ ನಾಲ್ಕೈದು ಗುಡ್ಡೆಗಿಂತ ಹೆಚ್ಚಾಗುವುದಿಲ್ಲ. ವಾರಕ್ಕೆ ಎರಡು ದಿನ, ಇಪ್ಪತ್ತು ನಿಮಿಷ ಆ ಗುಡ್ಡೆಗಳೇ ನಿಮ್ಮ ಗುಂಪುಗಳು. ಮುಂದಿನ ಪಾಠಕ್ಕೆ ಅವನ್ನು ಮುರಿಯಿರಿ. ಬೀಜಗಣಿತದಲ್ಲಿ ಎಡವಿದವಳು ರೇಖಾಗಣಿತದಲ್ಲಿ ಮುಂದಿರಬಹುದು. ಗುಂಪು ಕಾಯಂ ಆದ ದಿನವೇ ಅದಕ್ಕೊಂದು ಅಡ್ಡಹೆಸರು ಬೀಳುತ್ತದೆ. ಜೂನಿನಲ್ಲಿ, ಹಿಂದಿನ ತರಗತಿಯ ಕಲಿಕೆ ಎಷ್ಟಿದೆ ಎಂದು ನೋಡುವ ಸೇತುಬಂಧದ ಪೂರ್ವ ಪರೀಕ್ಷೆ ಮಾಡಿ ಫೈಲಿಗೆ ಸೇರಿಸಿರುತ್ತೀರಲ್ಲ, ಅದನ್ನೂ ಹೊರತೆಗೆಯಿರಿ.

ಚುರುಕಿನ ಮಕ್ಕಳನ್ನು ಗುಂಪಿನ ಲೀಡರ್ ಮಾಡಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಅವರೂ ಕಲಿಯಲು ಬಂದವರು. ‘ಗುಣಲಬ್ಧ −54 ಆಗುವ ಪೂರ್ಣಾಂಕ ಜೋಡಿಗಳಿಂದ ಎಷ್ಟು ಬೇರೆ ಬೇರೆ ಮೊತ್ತ ಬರುತ್ತವೆ?’ ಎಂದು ಕೇಳಿ ಬಿಡಿ. ಎಂಟು ಎಂದು ಹೇಳುವಷ್ಟರಲ್ಲಿ ಅವರೂ ಬೆವರುತ್ತಾರೆ.

ಹೆಡ್‌ಮಾಸ್ಟರ್ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಎಸ್ಸೆಸ್ಸೆಲ್ಸಿಗೆ 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ತಂದರು. ಮಕ್ಕಳ ವೇಗ ಬೇರೆ ಎಂದು ವ್ಯವಸ್ಥೆ ಅಷ್ಟರಮಟ್ಟಿಗೆ ಒಪ್ಪಿದೆ, ಆದರೆ ಕೋಣೆಯೊಳಗೆ ಕೂತವರಿಗೆಲ್ಲ ಪ್ರಶ್ನೆಪತ್ರಿಕೆ ಒಂದೇ. ಸಮಯ ಎಲ್ಲಿಂದಲಾದರೂ ಕದಿಯಲೇಬೇಕು. ಅಭ್ಯಾಸದಲ್ಲಿ ಒಂದೇ ಬಗೆಯ ಎಂಟು ಲೆಕ್ಕಗಳಿದ್ದರೆ ಬೋರ್ಡಿನ ಮೇಲೆ ಮೂರು ಮಾಡಿ, ಉಳಿದವನ್ನು ಮನೆಗೆ ಬಿಡಿ. ನಾನು ಕದ್ದದ್ದು ಅಲ್ಲಿಂದಲೇ.

ಪ್ರಶ್ನೆ: ನಮ್ಮ ಮಗ ಎಂಟನೇ ತರಗತಿ. ಕಂಪನಿಯೊಂದರವರು ಮನೆಗೇ ಬಂದು ಪರೀಕ್ಷೆ ಮಾಡಿ, ಇವನು ‘ವಿಷುಯಲ್ ಲರ್ನರ್’, ಇವನಿಗೆ ವಿಡಿಯೊ ಪಾಠವೇ ಬೇಕು ಎಂದರು. ಕಂತಿನಲ್ಲಿ ಆ್ಯಪ್ ಕೊಳ್ಳಬಹುದೇ? – ಒಬ್ಬ ತಂದೆ, ಬೆಂಗಳೂರು

ಉತ್ತರ: ಆ ಹಣೆಪಟ್ಟಿಯನ್ನು ನಂಬಿ ಕೊಳ್ಳಬೇಡಿ. ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದು ಬೇರ್ಪಡಿಸಿ ಕಲಿಸಿದರೆ ಲಾಭವಿದೆ ಎನ್ನಲು ಸಾಕಷ್ಟು ಪುರಾವೆಯಿಲ್ಲ ಎಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗ ಮನಶ್ಶಾಸ್ತ್ರಜ್ಞರು 2008ರಲ್ಲೇ ಬರೆದರು. ತ್ರಿಭುಜದ ಪಾಠಕ್ಕೆ ಎಲ್ಲರಿಗೂ ಚಿತ್ರ ಬೇಕು, ಪದ್ಯಕ್ಕೆ ಎಲ್ಲರಿಗೂ ಕಿವಿ ಬೇಕು.

ಹಾಗಂತ ಕಂಪ್ಯೂಟರ್ ಪಾಠ ಎಲ್ಲವೂ ದಂಡವಲ್ಲ. ದೆಹಲಿಯಲ್ಲಿ 6ರಿಂದ 9ನೇ ತರಗತಿಯವರಿಗೆ ಶಾಲೆ ಮುಗಿದ ಮೇಲೆ ಮೈಂಡ್‌ಸ್ಪಾರ್ಕ್ ತಂತ್ರಾಂಶ ಬಳಸಿ ಕಲಿಸಿದಾಗ ನಾಲ್ಕೂವರೆ ತಿಂಗಳಲ್ಲೇ ಗಣಿತ, ಹಿಂದಿ ಎರಡರಲ್ಲೂ ಒಳ್ಳೆಯ ಸುಧಾರಣೆ ಕಂಡಿತು. ಆ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅಲ್ಲಿ ಕೆಲಸ ಮಾಡಿದ್ದರಲ್ಲಿ ಮುಖ್ಯವಾದದ್ದು, ಒಂಬತ್ತನೇ ತರಗತಿಯ ಮಗು ಐದನೇ ತರಗತಿಯ ಮಟ್ಟದಲ್ಲಿದ್ದರೆ ಪಾಠ ಐದರಿಂದಲೇ ಶುರುವಾಗುತ್ತಿತ್ತು. ಪಕ್ಕದಲ್ಲಿ ಕಲಿಸುವ ಮನುಷ್ಯರೂ ಇದ್ದರು.

ಡೆಮೊಗೆ ಬಂದಾಗ ಒಂದು ಕೆಲಸ ಮಾಡಿ. ಭಿನ್ನರಾಶಿಯ ನಾಲ್ಕು ಲೆಕ್ಕಗಳನ್ನು ಮಗ ಬೇಕೆಂದೇ ತಪ್ಪು ಮಾಡಲಿ, ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಎನ್ನಲಿ. ಆ್ಯಪ್ ಅದೇ ವಿಡಿಯೊವನ್ನು ಮತ್ತೆ ತೋರಿಸಿದರೆ ಅವರಿಗೆ ಕಾಫಿ ಕೊಟ್ಟು ಕಳಿಸಿ. ಹಿಂದಿನ ತರಗತಿಗೆ ಇಳಿದು ‘ಛೇದ ಅಂದರೇನು’ ಎಂದು ಕೇಳಿದರೆ, ಆಮೇಲೆ ಬೆಲೆಯ ಮಾತಾಡಿ.