ಹೈಸ್ಕೂಲ್ ಸ್ಕೌಟ್ ದಳಕ್ಕೆ ಮಾರ್ಚ್‌ನಲ್ಲಿ ವರ್ಷದ ಕೊನೆ ಕಾರ್ಯಕ್ರಮ: ವಾಟರ್ ಪಾರ್ಕ್ ಟ್ರಿಪ್ಪಾ, ಸ್ಟೇಜ್ ಪ್ರೋಗ್ರಾಮಾ?

ಎರಡೂ ಬೇಡ ಸರ್. ಅದಕ್ಕಿಂತ ಮೊದಲು ಮಾರ್ಚ್ ಬೇಡ.

ನಾನೂ ಸ್ಕೌಟ್ ಮಾಸ್ಟರ್ ಆಗಿದ್ದೋನೇ, ನಿಮ್ಮ ಥರಾನೇ ಮಾರ್ಚಲ್ಲಿ ಇಟ್ಕೊಂಡೆ. ಶಾಮಿಯಾನ, ಮೈಕ್ ಸೆಟ್, ಅತಿಥಿಗಳಿಗೆ ಶಾಲು ಹಾರ ಎಲ್ಲ. ಶಿಬಿರಾಗ್ನಿ ಅಂತ ಸ್ಟೇಜ್ ಮೇಲೆ ಸೌದೆ ಜೋಡಿಸಿ ಒಳಗೆ ಬಲ್ಬ್ ಇಟ್ಟು, ಕೆಂಪು ಬಣ್ಣದ ಪೇಪರ್ ಕಟ್ಟಿ ಹಿಂದಿಂದ ಟೇಬಲ್ ಫ್ಯಾನ್ ಬಿಟ್ಟಿದ್ವಿ, ಪಟಪಟ ಅಂತ ಹಾರ್ತಿತ್ತು. ಮುಂದೆ ಕೂತಿದ್ದ ಎಂಟನೇ ಕ್ಲಾಸಿನ ಹುಡುಗ "ಸಾರ್, ಇದ್ರಲ್ಲಿ ಆಲೂಗಡ್ಡೆ ಬೇಯುತ್ತಾ?" ಅಂದ.

ಅದು ಹೋಗ್ಲಿ. ನಾನು ಕೆಟ್ಟಿದ್ದು ತಾರೀಕಿಂದ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಎದುರಿಗೇ ಇತ್ತು, ಹತ್ತನೇ ಕ್ಲಾಸಿನ ಒಬ್ಬನನ್ನೂ ಮನೆಯಿಂದ ಕಳಿಸ್ಲಿಲ್ಲ, ನಾನೇ ಅವರಪ್ಪ ಆಗಿದ್ರೂ ಕಳಿಸ್ತಿರ್ಲಿಲ್ಲ ಬಿಡಿ. ಆದ್ರೆ ನಮ್ಮ ಪಟ್ರೋಲ್ ಲೀಡರ್‌ಗಳೆಲ್ಲ ಹತ್ತನೇ ಕ್ಲಾಸಿನೋರೇ. ಪಟ್ರೋಲ್ ಅಂದ್ರೆ ಆರೆಂಟು ಹುಡುಗರ ಗುಂಪು, ಅದರಲ್ಲಿ ಗಂಟು ಕಲಿಸೋದು, ಒಲೆ ಹಚ್ಚಿಸೋದು, ಮನೆ ನೆನಪಾಗಿ ಅಳೋ ಚಿಕ್ಕೋನ್ನ ಸಮಾಧಾನ ಮಾಡೋದು ಎಲ್ಲ ಲೀಡರೇ, ಮೇಷ್ಟ್ರಲ್ಲ. ಅವರು ಪರೀಕ್ಷೆ ಬರೆದು ಟಿಸಿ ತಗೊಂಡು ಪಿಯುಸಿಗೆ ಹೋದ್ರು, ಒಂಬತ್ತನೇ ಕ್ಲಾಸಿನೋರ ಕೈಗೆ ಏನೂ ದಾಟಿರ್ಲಿಲ್ಲ. ಜೂನಲ್ಲಿ ಸೀಟಿ ಊದಿದ್ರೆ ಯಾರು ಎಲ್ಲಿ ನಿಲ್ಬೇಕು ಅಂತಾನೇ ಗೊತ್ತಿಲ್ಲ. ಆಗಸ್ಟ್ 15ಕ್ಕೆ ಬಾವುಟದೊಳಗೆ ಹೂ ಇಟ್ಟು ಎಳೆದ್ರೆ ಬಿಚ್ಚೋ ಹಾಗೆ ಕುಣಿಕೆ ಹಾಕ್ತೀವಲ್ಲ, ಅದನ್ನ ಬಲ್ಲವನು ಶಾಲೆಯಲ್ಲೇ ಇರ್ಲಿಲ್ಲ, ಹೊಸಬ ರೀಫ್ ನಾಟ್ ಬಿಗಿದುಬಿಟ್ಟಿದ್ದ. ಅತಿಥಿಗಳು ಎಳೆದಷ್ಟೂ ಬಿಗೀತು, ಊರೆಲ್ಲ ತಲೆ ಎತ್ತಿ ನೋಡ್ತಿದೆ, ಕೊನೆಗೆ ಇಳಿಸಿ ಬಿಚ್ಚಿ ಮತ್ತೆ ಏರಿಸಿದ್ವಿ. ದೀಪಾವಳಿ ಹೊತ್ತಿಗೆ ಅರ್ಧ ದಳ ಖಾಲಿ.

ಹಾಗಾಗಿ ಸ್ಕೌಟ್ಸ್‌ಗೆ ವರ್ಷದ ಕೊನೆ ಅಂದ್ರೆ ಡಿಸೆಂಬರ್ ಕೊನೆ, ತಡ ಅಂದ್ರೆ ಜನವರಿ ಮೊದಲ ವಾರ, ಪ್ರಿಪರೇಟರಿ ಪರೀಕ್ಷೆ ಶುರುವಾಗೋಕೆ ಮುಂಚೆ. ಒಂದೇ ರಾತ್ರಿ, ಶಾಲೆ ಮೈದಾನದಲ್ಲೇ ಕ್ಯಾಂಪ್ ಹಾಕಿ. ಕಾಡು ಗೀಡು ಅಂತ ಹೋಗ್ಬೇಡಿ, ಅದೂ ಬೇಸಿಗೆಯಲ್ಲಂತೂ ಬೇಡವೇ ಬೇಡ, 2019ರ ಫೆಬ್ರವರಿಯಲ್ಲಿ ಬಂಡೀಪುರ ಹೇಗೆ ಉರೀತು ಅಂತ ನೋಡಿದ್ದೀವಿ. ಅಡುಗೆ ಭಟ್ಟರನ್ನ ಕರೀಬೇಡಿ. ಒಂದೊಂದು ಪಟ್ರೋಲ್‌ಗೂ ಮೂರು ಕಲ್ಲಿನ ಒಲೆ, ಅಕ್ಕಿ, ಬೇಳೆ, ತರಕಾರಿ ಕೊಟ್ಟು ದೂರ ಕೂತ್ಕೊಳ್ಳಿ, ತಳ ಹಿಡಿದ್ರೆ ಹಿಡೀಲಿ. ಗೋಧಿ ಹಿಟ್ಟು ಗಟ್ಟಿಯಾಗಿ ಕಲಸಿ ಕೋಲಿಗೆ ಸುತ್ತಿ ಕೆಂಡದ ಮೇಲೆ ತಿರುಗಿಸಿ ಸುಡೋದು ಹುಡುಗರಿಗೆ ಬಲು ಇಷ್ಟ, ಹೊರಗೆ ಕಪ್ಪಾಗಿ ಒಳಗೆ ಹಸಿ ಇರುತ್ತೆ, ಆದ್ರೂ ತಿಂತಾರೆ.

ರಾತ್ರಿ ನಿಜವಾದ ಬೆಂಕಿ ಸುತ್ತ ಹಳೇ ಲೀಡರ್ ಹೊಸಬನಿಗೆ ಪಟ್ರೋಲ್ ಬಾವುಟ ಕೊಟ್ಟು ಸ್ಕೌಟ್ ಪದ್ಧತಿ ಥರ ಎಡಗೈ ಕುಲುಕಲಿ. ಬೆಳಿಗ್ಗೆ ಧ್ವಜ ಕಟ್ಟೋದು ಹೊಸಬನೇ, ಹಳಬ ಕೈ ಹಿಂದೆ ಕಟ್ಕೊಂಡು ನೋಡ್ಬೇಕು, ಮುಟ್ಟಂಗಿಲ್ಲ.

ವಾಟರ್ ಪಾರ್ಕಿಗೆ ಅವರಪ್ಪ ಅಮ್ಮ ಕರ್ಕೊಂಡು ಹೋಗ್ಲಿ ಬಿಡಿ. ಸ್ಟೇಜ್ ಬೇಕೇ ಬೇಕು ಅಂತ ಎಚ್‌ಎಂ ಹಠ ಮಾಡಿದ್ರೆ ಫೆಬ್ರವರಿ 22 ಸ್ಕೌಟ್ಸ್ ಶುರು ಮಾಡಿದ ಬೇಡನ್ ಪೊವೆಲ್ ಹುಟ್ಟಿದ ದಿನ, ಚಿಂತನಾ ದಿನ ಅಂತ ಹೇಗೂ ಮಾಡ್ಬೇಕಲ್ಲ, ಭಾಷಣ ಶಾಲು ಎಲ್ಲ ಅವತ್ತೇ ಮುಗಿಸಿ. ಗೈಡ್ಸ್ ಹುಡುಗಿಯರೂ ಕ್ಯಾಂಪಿಗೆ ಬರೋದಾದ್ರೆ ರಾತ್ರಿ ಪೂರ್ತಿ ಮೇಡಂ ಒಬ್ರು ಜೊತೆಗಿರ್ಲೇಬೇಕು, ಪೋಷಕರ ಒಪ್ಪಿಗೆ ಪತ್ರ ನವೆಂಬರಲ್ಲೇ ಸಹಿ ಹಾಕಿಸಿಟ್ಕೊಳ್ಳಿ.