ಗಾಜಿನ ಪೆಟ್ಟಿಗೆ ಮತ್ತು ಕಡತದ ಕಟ್ಟು: ಓದುಗರ ಪ್ರಶ್ನೆಗಳಿಗೆ ಉತ್ತರ

ದೇಶದ ರಾಜಕೀಯ ಇತಿಹಾಸವನ್ನು ವಸ್ತುಸಂಗ್ರಹಾಲಯಗಳೂ ಪತ್ರಾಗಾರಗಳೂ ಹೇಗೆ ಕಾಪಾಡಿಕೊಂಡು ಬರುತ್ತವೆ ಎಂಬ ವಿಷಯವಾಗಿ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಕಳೆದ ರಜೆಯಲ್ಲಿ ದೆಹಲಿಯ ಪ್ರಧಾನಮಂತ್ರಿ ಸಂಗ್ರಹಾಲಯವನ್ನು ನೋಡಿ ಬಂದೆವು. ಪರದೆ, ಬೆಳಕು, ಧ್ವನಿ ಎಲ್ಲವೂ ಚೆನ್ನಾಗಿತ್ತು. ಅದೇ ಆವರಣದಲ್ಲಿ ದೊಡ್ಡ ಗ್ರಂಥಾಲಯವೊಂದಿದೆ ಎಂದು ಆಮೇಲೆ ತಿಳಿಯಿತು. ಇತಿಹಾಸವನ್ನು ಕಾಪಾಡುವುದು ಸಂಗ್ರಹಾಲಯವೋ, ಆ ಗ್ರಂಥಾಲಯವೋ? (ಎಂ.ಎ. ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಎರಡೂ ಕಾಪಾಡುತ್ತವೆ, ಆದರೆ ನೀವು ನೋಡದೆ ಬಂದ ಭಾಗದ ತೂಕವೇ ಹೆಚ್ಚೆಂದು ನಮ್ಮ ಎಣಿಕೆ. ಅಲ್ಲಿನ ತೀನ್ ಮೂರ್ತಿ ಭವನವನ್ನು ಬ್ರಿಟಿಷ್ ಭಾರತದ ಸೇನೆಯ ದಂಡನಾಯಕರ ನಿವಾಸಕ್ಕೆಂದು ಕಟ್ಟಿದ್ದರು. ಅದರ ಹೆಸರು ಎದುರಿನ ವೃತ್ತದಲ್ಲಿ ನಿಂತಿರುವ ಮೂವರು ಸೈನಿಕರ ಪ್ರತಿಮೆಗಳಿಂದ ಬಂದದ್ದು. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಹೈದರಾಬಾದ್, ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಅಶ್ವದಳಗಳ ನೆನಪಿಗಾಗಿ ಅವು ನಿಂತಿರುವುದರಿಂದ ಮೂವರಲ್ಲಿ ಒಬ್ಬ ನಮ್ಮವನೇ. 1948ರಿಂದ 1964ರ ಮೇ 27ರಂದು ತೀರಿಕೊಳ್ಳುವವರೆಗೆ ಜವಾಹರಲಾಲ್ ನೆಹರೂ ಆ ಮನೆಯಲ್ಲಿದ್ದರು. ಅದೇ ವರ್ಷದ ನವೆಂಬರ್ 14ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಅದನ್ನು ಸ್ಮಾರಕ ಸಂಗ್ರಹಾಲಯವಾಗಿ ಉದ್ಘಾಟಿಸಿದರು. ಎಲ್ಲ ಪ್ರಧಾನಿಗಳನ್ನೂ ಒಳಗೊಂಡ ಹೊಸ ಸಂಗ್ರಹಾಲಯ 2022ರ ಏಪ್ರಿಲ್ 14ರಂದು ತೆರೆಯಿತು.

ಗ್ರಂಥಾಲಯದ ಕಥೆ ಇದಕ್ಕಿಂತ ಸದ್ದಿಲ್ಲದ್ದು. ಅರವತ್ತರ ದಶಕದಿಂದಲೇ ಅಲ್ಲಿ ಮೂರು ಕೆಲಸಗಳು ಒಟ್ಟಿಗೆ ನಡೆದುಬಂದವು. ರಾಜಕೀಯ ವ್ಯಕ್ತಿಗಳ ಮತ್ತು ಸಂಘಟನೆಗಳ ಖಾಸಗಿ ಪತ್ರಗಳನ್ನು ಸಂಗ್ರಹಿಸಲಾಯಿತು; ಹಳೆಯ ಪತ್ರಿಕೆಗಳನ್ನು ಮೈಕ್ರೋಫಿಲ್ಮ್‌ಗೆ ಇಳಿಸಲಾಯಿತು; ಹೋರಾಟದಲ್ಲಿ ಪಾಲ್ಗೊಂಡವರನ್ನು ಬದುಕಿರುವಾಗಲೇ ಸಂದರ್ಶಿಸಿ ಮಾತನ್ನು ಧ್ವನಿಮುದ್ರಿಸಿ, ಬರಹಕ್ಕೆ ಇಳಿಸಲಾಯಿತು. ಅಲ್ಲಿನ ಪಟ್ಟಿಯನ್ನು ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ನೆಹರೂ ಹೆಸರನ್ನು ಹೊತ್ತಿದ್ದ ಸಂಸ್ಥೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ದಾಖಲೆಗಳು ಇರುವುದು ಸಹಜ. ಅವುಗಳ ಜೊತೆಗೇ ಹಿಂದೂ ಮಹಾಸಭೆಯ ಕಡತಗಳಿವೆ, ನೆಹರೂ ಅವರ ಆರ್ಥಿಕ ನೀತಿಯನ್ನು ಕೊನೆಯವರೆಗೂ ಟೀಕಿಸಿದ ರಾಜಾಜಿಯವರ ಪತ್ರಗಳಿವೆ, ನೆಹರೂ ಅವರ ಮಗಳು ಇಂದಿರಾ ಗಾಂಧಿಯವರ ಸರ್ಕಾರದ ವಿರುದ್ಧ ಚಳವಳಿ ಕಟ್ಟಿದ ಜಯಪ್ರಕಾಶ ನಾರಾಯಣರ ಪತ್ರಗಳೂ ಇವೆ. ಒಂದು ಸಂಗ್ರಹ ಎಷ್ಟು ಗಟ್ಟಿಯಾದದ್ದು ಎಂದು ತೂಗಬೇಕಾದರೆ ನಾವು ಮೊದಲು ನೋಡುವುದು ಇದನ್ನೇ: ಅಲ್ಲಿ ಎದುರಾಳಿಯ ಕಾಗದವೂ ಇದೆಯೇ, ಸೋತವರ ಕಾಗದವೂ ಇದೆಯೇ, ಮತ್ತು ಪರಿಚಯವಿಲ್ಲದ ವಿದ್ಯಾರ್ಥಿ ಬಂದು ಕೇಳಿದರೆ ಅದನ್ನು ಮೇಜಿನ ಮೇಲೆ ತಂದಿಡುತ್ತಾರೆಯೇ?

ಮೇಜಿಗೆ ಬರುವುದು ನೋಡಲು ಚಂದದ ವಸ್ತುವೇನೂ ಆಗಿರುವುದಿಲ್ಲ. ಸರ್ಕಾರಿ ಕಡತವೊಂದನ್ನು ಬಿಚ್ಚಿದರೆ ಒಂದು ಭಾಗದಲ್ಲಿ ಟಿಪ್ಪಣಿ ಹಾಳೆಗಳು, ಇನ್ನೊಂದರಲ್ಲಿ ಪತ್ರವ್ಯವಹಾರ. ಕೆಳಹಂತದ ಗುಮಾಸ್ತರು ವಿಷಯವನ್ನು ಮಂಡಿಸಿರುತ್ತಾರೆ, ಅದರ ಕೆಳಗೆ ಮೇಲಧಿಕಾರಿಯ ಷರಾ, ಅದರ ಕೆಳಗೆ ಇನ್ನೂ ಮೇಲಿನವರ ಬೇರೆ ಬಣ್ಣದ ಶಾಯಿಯ ಎರಡು ಸಾಲು, ಕೊನೆಗೆ ಸಚಿವರ ಗಿಡ್ಡ ರುಜು. ಹೊರಗೆ ಹೋದ ಆದೇಶದಲ್ಲಿ ಈ ಭಿನ್ನಮತದ ಸುಳಿವೇ ಇರುವುದಿಲ್ಲ. ನಿರ್ಧಾರ ಹೇಗೆ ಹುಟ್ಟಿತು, ಯಾರು ಬೇಡವೆಂದಿದ್ದರು, ಯಾವ ವಾಕ್ಯವನ್ನು ಹೊಡೆದುಹಾಕಿ ಯಾವುದನ್ನು ಸೇರಿಸಿದರು ಎಂಬುದು ಟಿಪ್ಪಣಿ ಹಾಳೆಯಲ್ಲಿ ಮಾತ್ರ ಉಳಿಯುತ್ತದೆ. ಆದ್ದರಿಂದ ಕಡತದಿಂದ ಒಂದು ‘ಮುಖ್ಯ’ ಪತ್ರವನ್ನು ಕಿತ್ತು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದನ್ನು ಪತ್ರಾಗಾರದವರು ಒಪ್ಪುವುದಿಲ್ಲ. ಪ್ರದರ್ಶನಕ್ಕೆ ಪ್ರತಿಯನ್ನು ಇಟ್ಟು ಮೂಲವನ್ನು ಅದರ ಕಟ್ಟಿನಲ್ಲೇ ಬಿಡುವುದು ಸರಿಯಾದ ಕ್ರಮ.

ಮೌಖಿಕ ಇತಿಹಾಸದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಘಟನೆ ನಡೆದು ದಶಕಗಳಾದ ಮೇಲೆ ಹೇಳಿದ ಮಾತಿನಲ್ಲಿ ತಾರೀಖು ತಪ್ಪುತ್ತದೆ, ಆಮೇಲೆ ಓದಿದ್ದು ತಾನೇ ಕಂಡದ್ದರ ಜೊತೆ ಬೆರೆತುಹೋಗುತ್ತದೆ. ಹಾಗೆಂದು ಅದನ್ನು ತಳ್ಳಿಹಾಕುವಂತಿಲ್ಲ. ಕಡತದಲ್ಲಿ ‘ಗುಂಪು ಚದುರಿಸಲಾಯಿತು’ ಎಂದು ಎರಡು ಪದಗಳಲ್ಲಿ ಮುಗಿದುಹೋದದ್ದನ್ನು ಆ ಗುಂಪಿನಲ್ಲಿದ್ದವರು ಮಾತ್ರ ವಿವರಿಸಬಲ್ಲರು. ಸಂಶೋಧಕರು ಎರಡನ್ನೂ ಎದುರುಬದುರು ಇಟ್ಟುಕೊಂಡು ಓದಬೇಕಾಗುತ್ತದೆ.

ಪ್ರಶ್ನೆ: ಸಂವಿಧಾನದ ಮೂಲಪ್ರತಿ ಎಲ್ಲಿದೆ? ಅದನ್ನು ಏಕೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದಾರೆ? (ಪ್ರೌಢಶಾಲೆ ವಿದ್ಯಾರ್ಥಿ, ಕುಂದಾಪುರ)

ಉತ್ತರ: ದೆಹಲಿಯ ಸಂಸತ್ತಿನ ಗ್ರಂಥಾಲಯದಲ್ಲಿದೆ. ಇಂಗ್ಲಿಷ್ ಪ್ರತಿಯನ್ನು ಪ್ರೇಮ್ ಬಿಹಾರಿ ನಾರಾಯಣ ರಾಯ್‌ಜಾದಾ ಕೈಯಿಂದ ಬರೆದರು. ಪುಟಗಳ ಚಿತ್ರಾಲಂಕಾರ ನಂದಲಾಲ್ ಬೋಸ್ ಮತ್ತು ಅವರ ಶಾಂತಿನಿಕೇತನದ ಶಿಷ್ಯರದ್ದು. 1950ರ ಜನವರಿ 24ರಂದು ಸಂವಿಧಾನ ಸಭೆಯ ಸದಸ್ಯರು ಅದಕ್ಕೆ ಸಹಿ ಹಾಕಿದರು. ಮೊದಲೆಲ್ಲ ಅದನ್ನು ಬಟ್ಟೆಯಲ್ಲಿ ಸುತ್ತಿ ನುಸಿಗುಳಿಗೆ ಹಾಕಿ ಇಡುತ್ತಿದ್ದರು. 1990ರ ದಶಕದಲ್ಲಿ ನಮ್ಮ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆಯೂ ಸೇರಿ, ಆಮ್ಲಜನಕಕ್ಕೆ ಎಡೆಯಿಲ್ಲದಂತೆ ಜಡ ಅನಿಲ ತುಂಬಿದ ಪೆಟ್ಟಿಗೆಗಳನ್ನು ಸಿದ್ಧಪಡಿಸಿದವು. ಆಮ್ಲಜನಕವಿಲ್ಲದೆಡೆ ಹುಳು ಬದುಕುವುದಿಲ್ಲ, ಬಣ್ಣವೂ ಕಾಗದವೂ ಬೇಗ ಕೆಡುವುದಿಲ್ಲ. ತೇವಾಂಶವನ್ನು ಒಂದೇ ಮಟ್ಟದಲ್ಲಿ ಇಟ್ಟರೆ ಹಾಳೆ ಮುದುಡುವುದೂ ತಪ್ಪುತ್ತದೆ. ನಿಮಗೆ ಅದನ್ನು ಪುಟಪುಟವಾಗಿ ನೋಡುವ ಆಸೆಯಿದ್ದರೆ, ಡೆಹ್ರಾಡೂನಿನ ಸರ್ವೇ ಆಫ್ ಇಂಡಿಯಾ ಕಚೇರಿಯಲ್ಲಿ ಮುದ್ರಿಸಿದ ಯಥಾಪ್ರತಿಗಳಿವೆ. ದೊಡ್ಡ ಗ್ರಂಥಾಲಯದಲ್ಲಿ ಕೇಳಿ ನೋಡಿ.

ಪ್ರಶ್ನೆ: ನಮ್ಮ ತಾತ 1938ರ ಶಿವಪುರ ಧ್ವಜ ಸತ್ಯಾಗ್ರಹದಲ್ಲಿಯೂ 1947ರ ‘ಮೈಸೂರು ಚಲೋ’ ಚಳವಳಿಯಲ್ಲಿಯೂ ಇದ್ದವರು. ಅವರ ಟ್ರಂಕಿನಲ್ಲಿ ಪತ್ರಗಳು, ಕರಪತ್ರಗಳು, ಸಭೆಯ ಲೆಕ್ಕದ ಪುಸ್ತಕ, ಕೆಲವು ಫೋಟೋಗಳಿವೆ. ಕಾಗದ ಪುಡಿಯಾಗುತ್ತಿದೆ. ಲ್ಯಾಮಿನೇಷನ್ ಮಾಡಿಸಲೇ? ಯಾರಿಗೆ ಕೊಡಲಿ? (ನಿವೃತ್ತ ಶಿಕ್ಷಕರು, ಮದ್ದೂರು)

ಉತ್ತರ: ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಅಂಗಡಿಯಲ್ಲಿ ಬಿಸಿಯಿಂದ ಅಂಟಿಸುವ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಬಿಡಿಸಲು ಸಾಧ್ಯವೇ ಇಲ್ಲವೆನ್ನಬೇಕು, ಮತ್ತು ಕಾಗದದೊಳಗಿನ ಆಮ್ಲ ಒಳಗೇ ಉಳಿದು ತನ್ನ ಕೆಲಸ ಮುಂದುವರಿಸುತ್ತದೆ. ಒಂದು ಕಾಲಕ್ಕೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲೇ ಯಂತ್ರವಿಲ್ಲದೆ ಅಸಿಟೋನ್ ಬಳಸಿ ಸೆಲ್ಯುಲೋಸ್ ಅಸಿಟೇಟ್ ಹಾಳೆ ಹೊದಿಸುವ ವಿಧಾನವನ್ನು ರೂಪಿಸಿದ್ದರು. ಯಂತ್ರಕ್ಕೆ ಹಣವಿಲ್ಲದ ದೇಶಗಳಿಗೆ ಅದು ದೊಡ್ಡ ಉಪಕಾರವಾಯಿತು. ಈಗ ಸಂರಕ್ಷಕರು ಅದಕ್ಕಿಂತ, ಬೇಕಾದಾಗ ನೀರಿನಿಂದ ಬಿಡಿಸಿಕೊಳ್ಳಬಹುದಾದ ತೆಳು ಟಿಶ್ಯೂ ಕಾಗದ ಮತ್ತು ಗಂಜಿಯ ಅಂಟನ್ನೇ ಮೆಚ್ಚುತ್ತಾರೆ. ಅದನ್ನೂ ನೀವಾಗಿ ಮಾಡಲು ಹೋಗಬೇಡಿ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟಿದೆ. ತುಕ್ಕುಹಿಡಿದ ಗುಂಡುಸೂಜಿ ಮತ್ತು ಜೆಮ್ ಕ್ಲಿಪ್‌ಗಳನ್ನು, ಕಾಗದ ಹರಿಯದೆ ಬರುವುದಾದರೆ ಮಾತ್ರ, ನಿಧಾನವಾಗಿ ತೆಗೆಯಿರಿ. ಸೆಲ್ಲೊಟೇಪ್ ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದುಬಣ್ಣಕ್ಕೆ ತಿರುಗಿ ಅಕ್ಷರವನ್ನು ತಿಂದುಹಾಕುತ್ತದೆ. ಹಾಳೆಗಳನ್ನು ಬಿಸಿಲಿಗೆ ಒಣಹಾಕುವ ವಾಡಿಕೆ ನಮ್ಮಲ್ಲಿದೆ, ಅದೂ ಬೇಡ. ನೆರಳಿನಲ್ಲಿ ಗಾಳಿಯಾಡಿದರೆ ಸಾಕು. ಮಡಿಕೆ ಬಿಡಿಸಿ, ಬಿಳಿ ಕಾಗದದ ಲಕೋಟೆಯಲ್ಲಿ ಚಪ್ಪಟೆಯಾಗಿಟ್ಟು, ಟ್ರಂಕನ್ನು ನೆಲಕ್ಕೂ ಗೋಡೆಗೂ ತಾಗದಂತೆ ಮಣೆಯ ಮೇಲೆ ಇಡಿ; ಗೆದ್ದಲು ಬರುವ ದಾರಿ ಅದೇ.

ಇದಕ್ಕಿಂತ ತುರ್ತಿನ ಕೆಲಸ ಒಂದಿದೆ. ಫೋಟೋದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಯಾರಾದರೂ ಊರಲ್ಲಿದ್ದರೆ ಅವರ ಬಳಿ ಹೋಗಿ, ಹೆಸರು, ಊರು, ಸಂದರ್ಭ ಕೇಳಿ, ಚಿತ್ರದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್‌ನಿಂದ ಬರೆದಿಡಿ. ಇನ್ನು, ನಿಮ್ಮ ಪಟ್ಟಿಯಲ್ಲಿ ನೀವು ಹಾಗೇ ದಾಟಿಹೋದ ಲೆಕ್ಕದ ಪುಸ್ತಕವೇ ನಮ್ಮ ಕಣ್ಣಿಗೆ ಹೆಚ್ಚು ಬೆಲೆಯುಳ್ಳದ್ದು. ನಾಯಕರ ಭಾಷಣಗಳು ಪತ್ರಿಕೆಗಳಲ್ಲಿ ಸಿಗುತ್ತವೆ. ಯಾವ ಊರಿನಿಂದ ಎಷ್ಟು ಅಕ್ಕಿ ಬಂತು, ಗಾಡಿ ಬಾಡಿಗೆ ಯಾರು ಕೊಟ್ಟರು, ಶಾಮಿಯಾನಕ್ಕೆ ಎಷ್ಟಾಯಿತು ಎಂಬಂಥ ಸಾಲುಗಳು ಇನ್ನೆಲ್ಲೂ ಸಿಗುವುದಿಲ್ಲ. ಚಳವಳಿಯನ್ನು ನಿಜವಾಗಿ ಹೊತ್ತವರು ಯಾರೆಂದು ಸಂಶೋಧಕರು ತಿಳಿಯುವುದು ಅಂಥ ಪುಟಗಳಿಂದ.

ಕೊಡುವುದಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರವನ್ನಾಗಲಿ, ನಿಮ್ಮ ಭಾಗದ ವಿಶ್ವವಿದ್ಯಾಲಯವನ್ನಾಗಲಿ ಕೇಳಿ. ಅಣ್ಣತಮ್ಮಂದಿರು ಹಂಚಿಕೊಂಡು ಚದುರಿಸದೆ ಇಡೀ ಟ್ರಂಕನ್ನು, ಇದ್ದ ಕ್ರಮದಲ್ಲೇ, ಒಂದೇ ಕಡೆ ಕೊಡಿ. ಕೊಡುವ ಮುನ್ನ ಪಟ್ಟಿ ಮಾಡಿ, ಪ್ರತಿ ಹಾಳೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಲಿಖಿತ ದಾನಪತ್ರ ಮಾಡಿಸಿ, ಇದು ಪೂರ್ಣ ದಾನವೋ ಅಥವಾ ಮಾಲೀಕತ್ವ ನಿಮ್ಮಲ್ಲೇ ಉಳಿಯುವ ನ್ಯಾಸವೋ, ಯಾವ ಪತ್ರಗಳನ್ನು ಎಷ್ಟು ವರ್ಷ ತೆರೆಯಬಾರದು ಎಂಬುದನ್ನು ಅದರಲ್ಲಿ ಬರೆಸಿ. ಈ ವಿಷಯವನ್ನು ಬಾಯಿಮಾತಿಗೆ ಬಿಟ್ಟ ಕಡೆಗಳಲ್ಲಿ ಮೊಮ್ಮಕ್ಕಳ ಕಾಲಕ್ಕೆ ವ್ಯಾಜ್ಯ ಹುಟ್ಟಿದೆ.

ಪ್ರಶ್ನೆ: ಸರ್ಕಾರ ಬದಲಾದಾಗ ಸಂಗ್ರಹಾಲಯದ ಹೆಸರೂ ಫಲಕಗಳೂ ಬದಲಾಗುತ್ತವೆ. ಹಾಗಾದರೆ ಅಲ್ಲಿ ಇರುವುದನ್ನು ಇತಿಹಾಸವೆಂದು ನಂಬುವುದು ಹೇಗೆ? (ವಕೀಲರು, ಚಿತ್ರದುರ್ಗ)

ಉತ್ತರ: ನೆಹರೂ ಸ್ಮಾರಕ ಸಂಗ್ರಹಾಲಯ ಮತ್ತು ಗ್ರಂಥಾಲಯದ ಹೆಸರನ್ನು 2023ರಲ್ಲಿ ಪ್ರಧಾನಮಂತ್ರಿಗಳ ಸಂಗ್ರಹಾಲಯ ಮತ್ತು ಗ್ರಂಥಾಲಯವೆಂದು ಬದಲಿಸಿದ್ದು ನಿಮ್ಮ ಮನಸ್ಸಿನಲ್ಲಿರಬಹುದು. ಎಲ್ಲ ಪ್ರಧಾನಿಗಳಿಗೂ ಜಾಗ ಸಿಕ್ಕಿದ್ದು ಒಳ್ಳೆಯದೇ. ಅದಕ್ಕಾಗಿ ಹಳೆಯ ಹೆಸರನ್ನು ಕೈಬಿಡುವ ಅಗತ್ಯವಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೆ ಫಲಕ ಎಂದಿಗೂ ಆಯಾ ಕಾಲದವರ ವ್ಯಾಖ್ಯಾನವೇ. ಅದು ಬದಲಾದಾಗ ಬೇಸರಪಡಬಹುದು, ಗಾಬರಿಪಡಬೇಕಾಗಿಲ್ಲ. ಗಾಬರಿಪಡಬೇಕಾದದ್ದು ಮೂಲಕ್ಕೆ ಕೈ ಹಾಕಿದಾಗ. ಗಾಂಧೀಜಿಯವರ ಸಮಗ್ರ ಬರಹಗಳ ನೂರು ಸಂಪುಟಗಳ ಉದಾಹರಣೆ ನೋಡಿ. 1956ರಲ್ಲಿ ಆರಂಭವಾಗಿ 1994ರಲ್ಲಿ ಮುಗಿದ ಆ ಕೆಲಸ ನಮ್ಮ ದೇಶದ ಸಂಪಾದನಾ ಕಾರ್ಯಗಳಲ್ಲೇ ಎತ್ತರದ್ದು. ಅದರ ‘ಪರಿಷ್ಕೃತ’ ಆವೃತ್ತಿ ಬಂದಾಗ ಕೆಲವು ಬರಹಗಳು ಬಿಟ್ಟುಹೋಗಿರುವುದನ್ನು, ಕ್ರಮ ಏರುಪೇರಾಗಿರುವುದನ್ನು ವಿದ್ವಾಂಸರು ಹಳೆಯ ಸಂಪುಟಗಳ ಜೊತೆ ಹೋಲಿಸಿ ತೋರಿಸಿಕೊಟ್ಟರು. ಸರ್ಕಾರ ಆ ಆವೃತ್ತಿಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಹೋಲಿಸಿ ನೋಡಲು ಮೂಲ ಉಳಿದಿತ್ತು, ಹೋಲಿಸುವ ತಾಳ್ಮೆಯುಳ್ಳವರೂ ಇದ್ದರು.

ವಕೀಲರಾದ ನಿಮಗೆ 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮವನ್ನು ನೆನಪಿಸಬೇಕಾಗಿಲ್ಲ. ಕೇಂದ್ರ ಸರ್ಕಾರದ ಕಚೇರಿಗಳು 25 ವರ್ಷ ದಾಟಿದ ಕಡತಗಳನ್ನು ಪರಿಶೀಲಿಸಿ ಶಾಶ್ವತವಾಗಿ ಉಳಿಯಬೇಕಾದವುಗಳನ್ನು ರಾಷ್ಟ್ರೀಯ ಅಭಿಲೇಖಾಗಾರಕ್ಕೆ ಒಪ್ಪಿಸಬೇಕು. ನಿಯಮ ಮೀರಿ ನಾಶಪಡಿಸಿದರೆ ಐದು ವರ್ಷದವರೆಗೆ ಸೆರೆವಾಸದ ಶಿಕ್ಷೆಯುಂಟು. ಕಾನೂನು ಸರಿಯಾಗಿಯೇ ಇದೆ, ಪಾಲನೆ ಸಡಿಲ. ನೇತಾಜಿ ಸುಭಾಷರಿಗೆ ಸಂಬಂಧಿಸಿದ ನೂರು ಕಡತಗಳ ಪ್ರತಿಗಳು ಸಾರ್ವಜನಿಕರಿಗೆ ತೆರೆದದ್ದು 2016ರ ಜನವರಿ 23ರಂದು, ಅವರು ಕಣ್ಮರೆಯಾಗಿ ಎಪ್ಪತ್ತು ವರ್ಷ ಕಳೆದ ಮೇಲೆ. ಆ ನಡುವಿನ ದಶಕಗಳಲ್ಲಿ ಬೆಳೆದ ವದಂತಿಗಳಿಗೆ ಮುಚ್ಚಿದ ಬೀರುವೇ ಗೊಬ್ಬರವಾಯಿತು.

ಪ್ರಶ್ನೆ: ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ಬಗ್ಗೆ ಸಂಶೋಧನೆ ಮಾಡಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ? (ಸಂಶೋಧನಾ ವಿದ್ಯಾರ್ಥಿ, ತುಮಕೂರು)

ಉತ್ತರ: ದಿವಾನ್ ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು 144 ಸದಸ್ಯರನ್ನು ಕರೆದು ಆರಂಭಿಸಿದ ಈ ಸಭೆಯ ನಡವಳಿಗಳು ಅಚ್ಚಾಗಿವೆ, ರಾಜ್ಯ ಪತ್ರಾಗಾರದಲ್ಲಿಯೂ ಮೈಸೂರಿನ ಹಳೆಯ ಗ್ರಂಥಾಲಯಗಳಲ್ಲಿಯೂ ವಿಚಾರಿಸಿ. ಮಾರ್ಗದರ್ಶಕರ ಪತ್ರ, ಗುರುತಿನ ಚೀಟಿ, ಪೆನ್ಸಿಲ್ ಜೊತೆಗಿರಲಿ. ಮೂಲ ದಾಖಲೆಯ ಬಳಿ ಪೆನ್ನಿಗೆ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಕೇಂದ್ರದ ಕಡತಗಳಿಗೆ ‘ಅಭಿಲೇಖ್ ಪಟಲ್’ ಎಂಬ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ಸಂಸ್ಥಾನದಲ್ಲಿ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾಗಿದ್ದ ರೆಸಿಡೆಂಟರ ಪತ್ರವ್ಯವಹಾರಕ್ಕೆ ಅಲ್ಲೂ ನೋಡಿ. ಹೆಚ್ಚಿನವರು ದಿವಾನರ ಭಾಷಣ ಓದಿ ಮುಗಿಸಿಬಿಡುತ್ತಾರೆ. ನೀವು ತುಮಕೂರಿನ ಪ್ರತಿನಿಧಿಗಳು ವರ್ಷವರ್ಷ ಮಂಡಿಸಿದ ಅಹವಾಲುಗಳನ್ನೂ ಅವಕ್ಕೆ ಸಿಕ್ಕ ಸರ್ಕಾರಿ ಉತ್ತರಗಳನ್ನೂ ಎರಡು ಕಂಬಸಾಲುಗಳಲ್ಲಿ ಬರೆದುಕೊಳ್ಳುತ್ತ ಹೋಗಿ, ಅದೇ ವಾರದ ಪತ್ರಿಕಾ ವರದಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಯಾವ ಬೇಡಿಕೆ ಎಷ್ಟು ವರ್ಷ ಮರಳಿ ಮರಳಿ ಬಂದಿತು, ಯಾವುದು ಒಮ್ಮೆಲೇ ನಿಂತುಹೋಯಿತು ಎಂಬುದು ಹತ್ತು ವರ್ಷದ ಸಂಪುಟಗಳನ್ನು ದಾಟುವಷ್ಟರಲ್ಲಿ ಕಾಣತೊಡಗುತ್ತದೆ. ನಿಮ್ಮ ಪ್ರಬಂಧದ ಅಧ್ಯಾಯಗಳನ್ನು ಅದಾದ ಮೇಲೆ ಗೊತ್ತುಮಾಡಿಕೊಳ್ಳಿ.