ಸಂಜೆ ಗುಡುಗು, ರ್ಯಾಕ್ ಮೇಲೆ ದ್ರಾಕ್ಷಿ: ಉಳಿದಿದ್ದನ್ನು ಕೊಯ್ಯಬೇಕಾ, ಬೇಡವಾ?

ಅಣ್ಣಾವ್ರೇ, ನಮಸ್ಕಾರ. ನಿಮ್ಮ ಪ್ರಶ್ನೆ ನೋಡಿದೆ. ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರ ತೋಟ. ಹೋದ ವಾರ ಒಣದ್ರಾಕ್ಷಿ ಮಾಡಲು ಶೆಡ್ಡಿನ ಜಾಳಿ ರ್ಯಾಕ್‌ಗೆ ಹಾಕಿದ ಮಾಲು ಅರ್ಧ ಒಣಗಿದೆ, ಇನ್ನೂ ಎರಡು ಎಕರೆ ಗಿಡದ ಮೇಲಿದೆ. ದಿನಾ ಸಂಜೆ ಗುಡುಗುತ್ತದೆ, ನಿಮ್ಮಲ್ಲಿ ಮಾತ್ರ ಹನಿ ಇಲ್ಲ, ಪಕ್ಕದ ಊರಲ್ಲಿ ಹಳ್ಳ ಹರಿದಿದೆ. ಮೊಬೈಲ್‌ನಲ್ಲಿ ಮಳೆ 40% ಅಂತ ತೋರಿಸುತ್ತಿದೆ. ಉಳಿದಿದ್ದನ್ನು ಕೊಯ್ಯಬೇಕಾ ಅಂತ ಕೇಳಿದ್ದೀರಿ. ಅದಕ್ಕೆ ಒಬ್ಬರು "ದೇವರ ಮೇಲೆ ಭಾರ ಹಾಕಿ" ಎಂದಿದ್ದಾರೆ, ಇನ್ನೊಬ್ಬರು "42 ಡಿಗ್ರಿ ದಾಟಿದರೆ ಮಳೆ ಗ್ಯಾರಂಟಿ" ಎಂದಿದ್ದಾರೆ. ಎರಡನ್ನೂ ನಂಬಿ ಕೂಲಿಯವರನ್ನು ಕರೆಯಲು ಆಗುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಹೊಲದ ಮೇಲೆ ಇವತ್ತು ಮಳೆ ಬೀಳುತ್ತದೋ ಇಲ್ಲವೋ, ಅದನ್ನು ಬೆಳಗ್ಗೆ ಯಾರೂ ಹೇಳಲಾರರು. ಆದರೆ ಬಿದ್ದರೆ ಎಷ್ಟು ಹೊತ್ತಿಗೆ ಬಿದ್ದೀತು ಎಂದು ಬಹುಮಟ್ಟಿಗೆ ಹೇಳಬಹುದು. ನಮ್ಮ ಕಡೆ ಮಾರ್ಚ್‌ನಿಂದ ಮೇ ತನಕದ ಮಳೆ ಹೆಚ್ಚಾಗಿ ಮಧ್ಯಾಹ್ನ ಮೂರರಿಂದ ರಾತ್ರಿ ಎಂಟರ ಒಳಗೆ. ಹಾಗಾಗಿ ಮಳೆ ಬಂದೀತಾ ಅಂತ ತಲೆ ಕೆಡಿಸಿಕೊಳ್ಳುವ ಬದಲು, ಮೂರು ಗಂಟೆಗೆ ಎಲ್ಲಾ ಮುಚ್ಚಿಕೊಳ್ಳುವ ಹಾಗೆ ದಿನದ ಕೆಲಸ ಹೊಂದಿಸಿಕೊಳ್ಳಿ. ನನ್ನ ಉತ್ತರದ ಜೀವ ಇಷ್ಟೇ.

ಈಗ ಆ 42 ಡಿಗ್ರಿ ಮಾತು. ಬರೀ ಬಿಸಿಲಿನಿಂದ ಮಳೆ ಬರುವುದಿಲ್ಲ. ನೆಲ ಕಾದು ಗಾಳಿ ಮೇಲಕ್ಕೇರಬೇಕು ಅನ್ನುವುದು ನಿಜ, ಆದರೆ ಆ ಗಾಳಿಯಲ್ಲಿ ತೇವ ಇರಬೇಕಲ್ವಾ? ಸಹ್ಯಾದ್ರಿ ಮಳೆಗಾಲದ ಮೋಡವನ್ನು ಆ ಕಡೆಯೇ ಹಿಂಡಿಕೊಂಡು ಬಿಡುವುದರಿಂದ ನಮ್ಮದು ಮಳೆ ನೆರಳಿನ ನಾಡು, ವರ್ಷಕ್ಕೆ 600 ಮಿ.ಮೀ. ಆಸುಪಾಸು ಬಿದ್ದರೆ ಪುಣ್ಯ. ಬೇಸಿಗೆಯಲ್ಲಿ ಮಾತ್ರ ಆಟ ಬೇರೆ. ಮರಾಠವಾಡದಿಂದ ನಮ್ಮ ಉತ್ತರ ಒಳನಾಡಿನ ಮೇಲೆ ಹಾದು ಕೇರಳದ ಕಡೆಗೆ, ಎರಡು ದಿಕ್ಕಿನ ಗಾಳಿ ಕೂಡುವ ಒಂದು ಪಟ್ಟಿ ಆಗಾಗ ಬಂದು ನಿಲ್ಲುತ್ತದೆ. ಹವಾಮಾನ ಇಲಾಖೆಯ ವರದಿಯಲ್ಲಿ ಇದನ್ನು 'ಟ್ರಫ್' ಅಂತ ಬರೆದಿರುತ್ತಾರೆ. ಅರಬ್ಬೀ ಸಮುದ್ರದ ಮತ್ತು ಬಂಗಾಳ ಕೊಲ್ಲಿಯ ತೇವ ಈ ಪಟ್ಟಿಗುಂಟ ಒಳನಾಡಿಗೆ ಬಂದು ಸೇರುತ್ತದೆ. ಅದು ನಮ್ಮ ತಲೆ ಮೇಲಿದ್ದಾಗ ಮೂರ್ನಾಲ್ಕು ದಿನ ಬಿಡದೆ ಸಂಜೆ ಗುಡುಗುತ್ತದೆ, ಅತ್ತಿತ್ತ ಸರಿದರೆ ಮತ್ತೆ ಬರೀ ಒಣ ಬಿಸಿಲು.

ಇದನ್ನು ತಿಳಿಯಲು ಯಂತ್ರ ಬೇಕಿಲ್ಲ. ಬೆಳಗ್ಗೆ ಎಂಟಕ್ಕೇ ಅಂಗಿ ಬೆನ್ನಿಗೆ ಅಂಟಿಕೊಂಡು, ನೆರಳಲ್ಲಿ ನಿಂತರೂ ಬೆವರು ಆರದಿದ್ದರೆ ಅವತ್ತು 38 ಡಿಗ್ರಿ ಇದ್ದರೂ ಹುಷಾರಾಗಿರಿ. ಹೊತ್ತು ಏರಿದಂತೆ ಮೈ ಸುಡುವ ಒಣ ಗಾಳಿ ಬೀಸಿ, ತುಟಿ ಒಡೆಯುತ್ತಿದ್ದರೆ 42 ಆದರೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಗುಡುಗು ಇದೆ, ಮಳೆ ಇಲ್ಲ ಯಾಕೆ ಅಂದಿರಿ. ನಮ್ಮ ಕಡೆ ಬೇಸಿಗೆ ಮೋಡದ ತಳ ಬಹಳ ಎತ್ತರದಲ್ಲಿರುತ್ತದೆ. ಮೋಡದಿಂದ ಹನಿ ಬೀಳುತ್ತದೆ, ಆದರೆ ಕೆಳಗಿನ ಒಣ ಗಾಳಿ ಅದನ್ನು ದಾರಿಯಲ್ಲೇ ಕುಡಿದು ಬಿಡುತ್ತದೆ. ದೂರದಿಂದ ನೋಡಿ, ಮೋಡದ ಹೊಟ್ಟೆಯಿಂದ ಬೂದು ಬಣ್ಣದ ಎಳೆಗಳು ಇಳಿದು ನೆಲ ಮುಟ್ಟದೆ ಅರ್ಧಕ್ಕೇ ಕರಗಿರುತ್ತವೆ. ಹನಿ ಆರಿದಾಗ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಭಾರವಾದದ್ದು ರಭಸದಿಂದ ನೆಲಕ್ಕೆ ಅಪ್ಪಳಿಸಿ ಸುತ್ತಲೂ ಹರಡುತ್ತದೆ. ನಿಮ್ಮ ಶೆಡ್‌ನ ತಾಡಪತ್ರಿ ಹಾರಿಸುವುದು ಇದೇ ಗಾಳಿ. ಮಳೆ ಕಡಿಮೆ ಇದ್ದ ದಿನವೇ ಗಾಳಿ, ಧೂಳು ಜಾಸ್ತಿ ಇರುವುದು ಇದಕ್ಕೇ. ಪಕ್ಕದ ಊರಿನ ಲೆಕ್ಕವೂ ಸುಲಭ. ಒಂದೊಂದು ಮೋಡದ ಮಳೆ ಬೀಳುವ ಅಗಲ ಕೆಲವೇ ಕಿಲೋಮೀಟರ್, ಆಯುಷ್ಯ ಮುಕ್ಕಾಲು ಗಂಟೆ, ಒಂದು ಗಂಟೆ. ಅದು ಸಾಯುವಾಗ ಬಿಟ್ಟ ತಣ್ಣನೆ ಗಾಳಿ ಮುಂದೆ ಹೋಗಿ ಇನ್ನೊಂದು ಮೋಡ ಎಬ್ಬಿಸುತ್ತದೆ. ಅದು ನಿಮ್ಮ ಬದುವಿನ ಮೇಲೆ ಎದ್ದೀತೋ ಹಳ್ಳದ ಆಚೆಯೋ, ಅದು ಅದರ ಇಷ್ಟ.

ಮೊಬೈಲ್‌ನ 40% ಕೂಡ ಅಷ್ಟೇ. ಆ ಲೆಕ್ಕ ಹತ್ತಾರು ಕಿಲೋಮೀಟರ್‌ನ ಚೌಕಗಳಲ್ಲಿ ನಡೆಯುತ್ತದೆ, ನಿಮ್ಮ ಸರ್ವೆ ನಂಬರಿಗಲ್ಲ. ಅದನ್ನು ಗಂಟೆಗೊಮ್ಮೆ ನೋಡುವುದು ಸುಮ್ನೆ ಬ್ಯಾಟರಿ ಖರ್ಚು. ಬೆಳಗ್ಗೆ ಒಮ್ಮೆ ಹವಾಮಾನ ಇಲಾಖೆಯ ಜಿಲ್ಲಾ ಮುನ್ಸೂಚನೆ ನೋಡಿ, ಎಚ್ಚರಿಕೆಯ ಬಣ್ಣ ಹಳದಿಯೋ ಕಿತ್ತಳೆಯೋ ಅಂತ. ಮಧ್ಯಾಹ್ನ ಒಂದರ ನಂತರ ಅವರದೇ 'ನೌಕಾಸ್ಟ್', ಅಂದರೆ ಮುಂದಿನ ಮೂರು ಗಂಟೆಯ ಮುನ್ಸೂಚನೆ ನೋಡಿ. ಸಿಡಿಲಿಗೆ 'ದಾಮಿನಿ' ಆ್ಯಪ್ ಹಾಕಿಕೊಳ್ಳಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿದ್ದು, ನೀವಿರುವ ಜಾಗದಿಂದ 20 ಮತ್ತು 40 ಕಿ.ಮೀ. ದೂರದ ಒಳಗೆ ಸಿಡಿಲು ಬೀಳುತ್ತಿದೆಯಾ ತೋರಿಸುತ್ತದೆ. ಉಳಿದದ್ದಕ್ಕೆ ನಿಮ್ಮ ಕಣ್ಣೇ ಸಾಕು.

ಕಣ್ಣಿಗೆ ಏನು ಕಾಣಬೇಕು? ಹನ್ನೆರಡರ ಹೊತ್ತಿಗೆ ಹತ್ತಿಯಂಥ ಚಿಕ್ಕ ಮೋಡಗಳು ಬರುತ್ತವೆ, ಅವಕ್ಕೆ ಹೆದರಬೇಡಿ. ಎರಡರ ಮೇಲೆ ಅವು ಅಗಲವಾಗದೆ ಎತ್ತರಕ್ಕೆ ಬೆಳೆಯತೊಡಗಿದರೆ ಕೆಲಸ ಮುಗಿಸುವ ಹೊತ್ತು. ಹೂಕೋಸಿನ ಹಾಗಿದ್ದ ತಲೆಯ ಚೂಪು ಅಂಚು ಹೋಗಿ, ಮೇಲೆ ಚಪ್ಪಟೆಯಾಗಿ ಮಸುಕಾಗಿ ಹರಡಿತು ಅಂದರೆ ಆ ಮೋಡ ಹತ್ತು-ಹನ್ನೆರಡು ಕಿಲೋಮೀಟರ್ ಮೇಲೆ ಮಂಜುಗಡ್ಡೆ ಆಗಿದೆ, ಒಳಗೆ ಸಿಡಿಲು ತಯಾರಿದೆ. ಯಾವ ದಿಕ್ಕಿನಿಂದ ಬರುತ್ತದೆ ಅನ್ನುವುದಕ್ಕೆ ಬೇಸಿಗೆಯಲ್ಲಿ ಕಾಯಂ ನಿಯಮ ಇಲ್ಲ. ಪಡುವಣದ ಮೋಡ ಮಾತ್ರ ನಂಬಬೇಕು ಅನ್ನುವ ಹಿರಿಯರ ಮಾತು ಮಳೆಗಾಲಕ್ಕೆ ಸರಿ, ಏಪ್ರಿಲ್‌ಗೆ ಅಲ್ಲ.

ಕೊನೆಯ ಹತ್ತು-ಹದಿನೈದು ನಿಮಿಷ ಬಹಳ ಮುಖ್ಯ. ಬೀಸುತ್ತಿದ್ದ ಬಿಸಿ ಗಾಳಿ ಗಕ್ಕನೆ ನಿಲ್ಲುತ್ತದೆ. ಬೇವಿನ ಎಲೆ ಅಲ್ಲಾಡುವುದಿಲ್ಲ. ಆಮೇಲೆ ಮೋಡದ ಕಡೆಯಿಂದ ನೆಲಕ್ಕೆ ಅಂಟಿಕೊಂಡು ಕಂದು ಬಣ್ಣದ ಗೆರೆ ಎದ್ದು ಬರುತ್ತದೆ, ಅದು ಎರೆ ಹೊಲದ ಧೂಳು. ಅದರ ಹಿಂದೆ ತಣ್ಣನೆ ಗಾಳಿ, ಅದರಲ್ಲಿ ಹಸಿ ಮಣ್ಣಿನ ವಾಸನೆ. ಎಲ್ಲೋ ಬಿದ್ದ ಮಳೆಯ ವಾಸನೆಯನ್ನು ಗಾಳಿ ಮೊದಲೇ ಹೊತ್ತು ತರುತ್ತದೆ. ಆ ವಾಸನೆ ಮೂಗಿಗೆ ಬಂದ ಮೇಲೆ ಪರದೆ ಹುಡುಕಲು ಹೋಗಬೇಡಿ, ಆಗ ತಡವಾಗಿರುತ್ತದೆ. ಮೋಡ ಎತ್ತರಕ್ಕೆ ಬೆಳೆಯುತ್ತಿರುವಾಗಲೇ ಇಳಿಸಿ ಕಟ್ಟಿ ಮುಗಿಸಿರಬೇಕು.

ಶೆಡ್ ವಿಷಯಕ್ಕೆ ಬರೋಣ. ಪರದೆ ಇಳಿಸಿದರೆ ಸಾಲದು, ಕೆಳಗಿನ ಅಂಚನ್ನು ಹಗ್ಗದಿಂದ ಕಂಬಕ್ಕೆ ಬಿಗಿಯಿರಿ. ಕೆಳಗೆ ಕಲ್ಲು ಇಟ್ಟರೆ ಗಾಳಿ ಹೊಟ್ಟೆಯಲ್ಲಿ ತುಂಬಿ ಪರದೆ ಹರಿಯುತ್ತದೆ. ಮುನ್ಸೂಚನೆಯಲ್ಲಿ ಗಂಟೆಗೆ 40-50 ಕಿ.ಮೀ. ಗಾಳಿ ಅಂತಿದ್ದರೆ ಮೇಲಿನ ಹೊದಿಕೆಯ ಮೇಲೂ ಅಡ್ಡ ಹಗ್ಗ ಎಳೆಯಿರಿ. ಮೊದಲು ಮೋಡದ ಕಡೆಯ ಬದಿ, ಆಮೇಲೆ ಉಳಿದದ್ದು. ಮಳೆ ಬರದೆ ಬರೀ ಧೂಳು ಬಂದರೂ ಪರದೆ ಇಳಿಸಿದ್ದು ವ್ಯರ್ಥ ಅಲ್ಲ. ಅರ್ಧ ಒಣಗಿದ ಅಂಟು ಮಾಲಿಗೆ ಎರೆ ಧೂಳು ಕೂತರೆ ತೊಳೆದರೂ ಪೂರ್ತಿ ಹೋಗುವುದಿಲ್ಲ, ಮಾರುಕಟ್ಟೆಯಲ್ಲಿ ದರ ನೆಲಕ್ಕೆ ಬೀಳುತ್ತದೆ.

ಇನ್ನೊಂದು ತಪ್ಪು ಬಹಳ ಕಡೆ ನೋಡುತ್ತೇನೆ. ಮಳೆ ಅಂಜಿಕೆಗೆ ಪ್ಲಾಸ್ಟಿಕ್ ಇಡೀ ದಿನ ಮುಚ್ಚಿಡುವುದು. ಬಿಸಿಲಿಗೆ ಒಳಗೆ ಕುದಿಯುತ್ತದೆ, ಹಣ್ಣು ಬಿಟ್ಟ ನೀರೇ ಪ್ಲಾಸ್ಟಿಕ್‌ಗೆ ಬೆವರಾಗಿ ಕೂತು ಮತ್ತೆ ಮೇಲೆ ತೊಟ್ಟಿಕ್ಕುತ್ತದೆ. ಬಣ್ಣ ಕಂದಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಬೆಳಗ್ಗೆಯಿಂದ ಎರಡರ ತನಕ ಪೂರ್ತಿ ತೆರೆದಿಡಿ. ಮಳೆ ನಿಂತ ಮೇಲೂ ಗಾಳಿ ಎದುರಿನ ಬದಿ ಮುಚ್ಚಿ, ಹಿಂದಿನ ಬದಿಯನ್ನು ಕೆಳಗಿನಿಂದ ಎರಡು ಅಡಿ ಎತ್ತಿ ಬಿಡಿ. ಎರಚಲು ಬಿದ್ದು ಅಂಚಿನ ಮಾಲು ನೆನೆದರೆ ಜಾಳಿಯನ್ನು ಮೆಲ್ಲಗೆ ಅಲುಗಿಸಿ ನೀರು ಉದುರಿಸಿ, ಆ ಮಾಲನ್ನು ಬೇರೆಯೇ ಒಣಗಿಸಿ, ಬೇರೆಯೇ ಮಾರಿ. ಒಳ್ಳೆ ಮಾಲಿನ ಜೊತೆ ಕೂಡಿಸಿದರೆ ಪೂರಾ ಚೀಲಕ್ಕೆ ತೇವ ಹಬ್ಬುತ್ತದೆ. ಒಣಗಿದ್ದು ಸಾಕಾ ಅಂತ ನೋಡಲು ಒಂದು ಹಿಡಿ ಗಟ್ಟಿಯಾಗಿ ಹಿಸುಕಿ ಬಿಡಿ. ಕಾಳು ಬಿಡಿಬಿಡಿಯಾಗಿ ತೆರೆದುಕೊಂಡರೆ ತೇವ 15% ಸುತ್ತ ಬಂದಿದೆ. ಉಂಡೆಯಾಗಿ ಉಳಿದರೆ ಇನ್ನೂ ಬೇಕು.

ಈಗ ನಿಮ್ಮ ಎರಡು ಎಕರೆ. ನಾನಾಗಿದ್ದರೆ ಪೂರ್ತಿ ಕೊಯ್ಯುವುದಿಲ್ಲ, ಪೂರ್ತಿ ಬಿಡುವುದೂ ಇಲ್ಲ. ರ್ಯಾಕ್‌ಗೆ ಹಾಕಿದ ಮೊದಲ ನಾಲ್ಕೈದು ದಿನದಲ್ಲೇ ಹಣ್ಣು ಹೆಚ್ಚು ನೀರು ಬಿಡುತ್ತದೆ, ಆಗ ಅದಕ್ಕೆ ಒಣ ಗಾಳಿ ಬೇಕೇ ಬೇಕು. ವರದಿಯಲ್ಲಿ ಟ್ರಫ್ ಇನ್ನೂ ಇಲ್ಲೇ ಇದೆ ಅಂತಿದ್ದರೆ ಎರಡು-ಮೂರು ದಿನ ತಡೆಯಿರಿ. ಒಂದು ಸಣ್ಣ ಮಳೆಯನ್ನು ಗಿಡದ ಮೇಲಿನ ಗೊನೆ ತಡೆದುಕೊಳ್ಳುತ್ತದೆ, ಬೆಳಗಿನ ಗಾಳಿಗೆ ಆರಿದರೆ ಸರಿ. ಹಣ್ಣಿನ ರಸದ ಸಕ್ಕರೆ ಪ್ರಮಾಣ (ಬ್ರಿಕ್ಸ್) 22 ದಾಟಿ ಸಿಪ್ಪೆ ಮೆತ್ತಗಾದ ಸಾಲುಗಳಿದ್ದರೆ ಅವನ್ನು ಮಾತ್ರ ಈಗ ತೆಗೆಯಿರಿ, ಮಳೆ ಬಿದ್ದರೆ ಎಲ್ಲಕ್ಕಿಂತ ಮೊದಲು ಒಡೆಯುವುದು ಅವೇ. ಬೆಳಗ್ಗೆ ಆರಕ್ಕೆ ಕೊಯ್ಲು, ಹನ್ನೊಂದಕ್ಕೆ ಡಿಪ್ಪಿಂಗ್ (ಬೇಗ ಒಣಗಲು ದ್ರಾವಣದಲ್ಲಿ ಅದ್ದುವುದು), ಒಂದರೊಳಗೆ ರ್ಯಾಕ್ ಮೇಲೆ. ಪರದೆ ಇರುವ ಶೆಡ್‌ನಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟೇ ಕೊಯ್ಯಿರಿ. ಅಂಗಳದಲ್ಲಿ ಹರಡುತ್ತೇವೆ ಅನ್ನುವ ಯೋಚನೆ ಈ ವಾರ ಬೇಡ.

ಕಾಯುವುದರಲ್ಲಿ ಒಂದು ಅಪಾಯ ಇದೆ, ಆಲಿಕಲ್ಲು. ಮೇಲಿನ ಗಾಳಿ ಇನ್ನೂ ತಂಪಾಗಿರುವ ಫೆಬ್ರವರಿಯಿಂದ ಏಪ್ರಿಲ್ ತನಕವೇ ಅದು ಜಾಸ್ತಿ. ಮೇ ಹೊತ್ತಿಗೆ ಎಷ್ಟೋ ಸಲ ದಾರಿಯಲ್ಲೇ ಕರಗುತ್ತದೆ. 2014ರ ಫೆಬ್ರವರಿ ಕೊನೆ ಮತ್ತು ಮಾರ್ಚ್‌ನಲ್ಲಿ ಮಹಾರಾಷ್ಟ್ರ, ಉತ್ತರ ಕರ್ನಾಟಕದಲ್ಲಿ ಬಿದ್ದ ಆಲಿಕಲ್ಲು ದ್ರಾಕ್ಷಿ ಬೆಳೆಗಾರರಿಗೆ ಇನ್ನೂ ನೆನಪಿದೆ. ಇಲಾಖೆಯ ಎಚ್ಚರಿಕೆಯಲ್ಲಿ 'ಆಲಿಕಲ್ಲು' ಅಂತ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ನನ್ನ ಲೆಕ್ಕ ತಿರುಗಿಸಿ, ಶೆಡ್ ತುಂಬುವಷ್ಟು ಕೊಯ್ದು ಬಿಡಿ.

ಸಿಡಿಲಿನ ಬಗ್ಗೆ ಇಲ್ಲೊಬ್ಬರು "ದ್ರಾಕ್ಷಿ ತೋಟದಲ್ಲಿ ಕಂಬ ಗಿಡ್ಡ, ಸಿಡಿಲು ಬೀಳಲ್ಲ" ಎಂದಿದ್ದಾರೆ. ದಯವಿಟ್ಟು ಇದನ್ನು ನಂಬಬೇಡಿ. ಸಾಲಿನ ಆ ತುದಿಗೆ ಬಿದ್ದರೂ ಬಳ್ಳಿ ಹಬ್ಬಿಸಿದ ತಂತಿಗುಂಟ ಬಂದು ಈ ತುದಿಯಲ್ಲಿದ್ದವರಿಗೆ ಹೊಡೆಯುತ್ತದೆ. ನಮ್ಮ ರ್ಯಾಕ್ ಕೂಡ ಕಬ್ಬಿಣದ ಆಂಗಲ್, ತಂತಿ ಜಾಳಿ. ಮಿಂಚು ಕಂಡಲ್ಲಿಂದ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರ ಒಳಗೆ ಗುಡುಗು ಕೇಳಿತು ಅಂದರೆ ಸಿಡಿಲು 10 ಕಿ.ಮೀ. ಒಳಗಿದೆ, ಪರದೆ ಹಾರಿದರೆ ಹಾರಲಿ, ಶೆಡ್ ಬಿಟ್ಟು ಬನ್ನಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆದ ಮೇಲೆ ಹೋಗಿ. ಹನಿ ಬೀಳುತ್ತಿಲ್ಲ, ಆದ್ದರಿಂದ ಸಿಡಿಲಿಲ್ಲ ಅನ್ನುವ ಲೆಕ್ಕವೂ ಬೇಡ. ಮಳೆ ಬೀಳುವ ಜಾಗದಿಂದ ಹತ್ತು ಕಿಲೋಮೀಟರ್ ಆಚೆಗೂ ಅದು ಬೀಳುತ್ತದೆ. ಪಕ್ಕಾ ಮನೆ ಅಥವಾ ಬಾಗಿಲು ಮುಚ್ಚಿದ ಕಾರು, ಜೀಪು ಸರಿ. ಬೇವು, ಹುಣಸೆ ಕೆಳಗೆ ನಿಲ್ಲಬೇಡಿ, ತೆರೆದ ಟ್ರ್ಯಾಕ್ಟರ್ ಮೇಲೂ ಬೇಡ. ದನ, ಕುರಿಗಳನ್ನು ಮೂರಕ್ಕೇ ಕೊಟ್ಟಿಗೆಗೆ ತನ್ನಿ. ಮರದ ಬುಡಕ್ಕಾಗಲಿ ತಂತಿ ಬೇಲಿಗಾಗಲಿ ಕಟ್ಟಬೇಡಿ. ಬೋರ್‌ವೆಲ್ ಆಟೋ ಸ್ಟಾರ್ಟರ್ ಮೊದಲೇ ಬಂದ್ ಮಾಡಿ, ಗುಡುಗುವಾಗ ಪೆಟ್ಟಿಗೆ ಮುಟ್ಟಬೇಡಿ. ಸಿಡಿಲು ಹೊಡೆದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ಹೆದರದೆ ಮುಟ್ಟಿ. ಉಸಿರಾಟ ನಿಂತಿದ್ದರೆ ಎದೆ ಒತ್ತಲು ಶುರು ಮಾಡಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ನಡುವೆ ಒಬ್ಬರು ಈ ಮಳೆಗೆ ಹೊಲ ಹರಗಬಹುದಾ ಕೇಳಿದ್ದರು. ಒಂದು ಗೇಣು ತೇವ ಇಳಿದಿದ್ದರೆ ಖಂಡಿತ ಹರಗಿ, ಕಳೆ ಸಾಯುತ್ತದೆ. ಬಿತ್ತನೆ ಮಾತ್ರ ಬೇಡ. "ಭರಣಿ ಸುರಿದರೆ ಧರಣಿ ಬದುಕೀತು" ಅಂತಾರೆ, ಭರಣಿ ಮಳೆ ನಕ್ಷತ್ರ ಬರುವುದು ಏಪ್ರಿಲ್ ಕೊನೆಗೆ. ಈಗಿನ್ನೂ ರೇವತಿ.

ಕೊಯ್ಲಾದ ಪ್ಲಾಟಿಗೆ ಏಪ್ರಿಲ್ ಚಾಟ್ನಿ (ಬಳ್ಳಿ ಸವರುವುದು) ಯಾವಾಗ ಅಂತಲೂ ಕೇಳಿದ್ದೀರಿ. ಅದನ್ನು ಮಳೆಗೆ ಅಂಜಿ ಮುಂದೂಡಬೇಡಿ, ಕಡ್ಡಿ ಮಾಗಲು ಬಿಸಿಲಿನ ದಿನ ಬೇಕು. ಚಿಗುರು ಬಂದ ಮೇಲೆ ಸಂಜೆ ಮಳೆ ಬಿದ್ದರೆ ಮರುದಿನ ಬೆಳಗ್ಗೆ ಎಲೆ ತಿರುಗಿಸಿ ಕರ್ಪಾ ರೋಗದ ಚುಕ್ಕೆ ಇದೆಯಾ ನೋಡಿ. ಕಂಡರೆ ಫೋಟೋ ಇಲ್ಲೇ ಹಾಕಿ, ಯಾವ ಔಷಧಿ ಅಂತ ಆಗ ಮಾತಾಡೋಣ.